ಆಫೀಸಿನಿಂದ ಕ್ಲೌಡ್‌ವರೆಗೆ ನೆಟ್‌ವರ್ಕ್ ಕಟ್ಟುವುದು, ಕಾಯುವುದು: ಕಲಿಯುವ ಸರಿಯಾದ ಕ್ರಮ

ಕೋರ್ಸ್ ಮುಗಿಸಿದವರ ಕೈಗೆ ಒಂದು ಖಾಲಿ ಹಾಳೆ ಕೊಡಿ. "ಬೆಂಗಳೂರಲ್ಲಿ ಮೂರು ಮಹಡಿ ಆಫೀಸು, ಹುಬ್ಬಳ್ಳಿಯಲ್ಲಿ ಒಂದು ಬ್ರ್ಯಾಂಚ್, ಸರ್ವರ್‌ಗಳೆಲ್ಲ ಕ್ಲೌಡ್‌ನಲ್ಲಿ. ನೆಟ್‌ವರ್ಕ್ ಹೇಗಿರಬೇಕು, ಬರೆದು ಕೊಡಿ" ಎಂದು ಕೇಳಿ. ಹೆಚ್ಚಿನವರು ಪೆನ್ನು ಹಿಡಿದು ಸುಮ್ನೆ ಕೂತುಬಿಡುತ್ತಾರೆ. ಕಮಾಂಡ್‌ಗಳು ಬಾಯಿಪಾಠ ಆಗಿರುತ್ತವೆ, ಸರ್ಟಿಫಿಕೇಟ್ ಕೂಡ ಇರುತ್ತದೆ. ಆದರೆ ಮೊದಲ ಗೆರೆ ಎಲ್ಲಿ ಎಳೆಯಬೇಕು ಅನ್ನುವುದೇ ಗೊತ್ತಿರುವುದಿಲ್ಲ.

ನಾನು ನೋಡಿದ ಮಟ್ಟಿಗೆ ಇದು ಬುದ್ಧಿಯ ಕೊರತೆ ಅಲ್ಲ, ಕ್ರಮದ ತಪ್ಪು. ಕ್ಲೌಡ್ ಕನ್ಸೋಲ್ ಮೊದಲು ತೆರೆಯುತ್ತಾರೆ, ಸೆಕ್ಯೂರಿಟಿಯನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ, ಐಪಿ ಪ್ಲಾನ್ ಅನ್ನು ಮಾಡುವುದೇ ಇಲ್ಲ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದು ಹಂತದ ಲ್ಯಾಬ್ ಅನ್ನು ನೋಟ್ಸ್ ನೋಡದೆ ಇನ್ನೊಮ್ಮೆ ಕಟ್ಟಲು ಬರುವವರೆಗೆ ಮುಂದಿನದಕ್ಕೆ ಹೋಗಬೇಡಿ. ದಿನಕ್ಕೆ ಒಂದೂವರೆ ಗಂಟೆ ಕೊಟ್ಟರೆ ಐದಾರು ತಿಂಗಳ ಕೆಲಸ ಇದು.

## ಮೊದಲು ಜೋಡಿಸಿಟ್ಟುಕೊಳ್ಳಬೇಕಾದ್ದು

16 ಜಿಬಿ ರ್‍ಯಾಮ್ ಇರುವ ಲ್ಯಾಪ್‌ಟಾಪ್ ಸಾಕು. 8 ಜಿಬಿ ಇದ್ದರೆ ಮೊದಲ ನಾಲ್ಕು ಹಂತ ಆರಾಮಾಗಿ ಆಗುತ್ತದೆ, ಆಮೇಲೆ ಸ್ವಲ್ಪ ಒದ್ದಾಟ.

ಸಾಫ್ಟ್‌ವೇರ್ ಎಲ್ಲ ಉಚಿತವಾಗಿ ಸಿಗುತ್ತದೆ. ಸ್ಕ್ರೀನ್ ಮೇಲೆಯೇ ನೆಟ್‌ವರ್ಕ್ ಕಟ್ಟಿ ನೋಡಲು ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯ ಪ್ಯಾಕೆಟ್ ಟ್ರೇಸರ್, ಪ್ಯಾಕೆಟ್ ಹಿಡಿದು ನೋಡಲು ವೈರ್‌ಶಾರ್ಕ್, ಫೈರ್‌ವಾಲ್‌ಗೆ ಓಪಿಎನ್‌ಸೆನ್ಸ್, ಅದನ್ನು ಓಡಿಸಲು ವರ್ಚುವಲ್‌ಬಾಕ್ಸ್. ಮುಂದೆ ಬೇಕೆನಿಸಿದಾಗ ದೊಡ್ಡ ಲ್ಯಾಬ್‌ಗೆ ಜಿಎನ್‌ಎಸ್3 ಹಾಕಿಕೊಳ್ಳಿ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಚೌಕಳಿ ಗೆರೆಯ ಒಂದು ನೋಟ್‌ಬುಕ್. ಲ್ಯಾಬ್ ಶುರು ಮಾಡುವ ಮೊದಲು ಚಿತ್ರ ಅದರಲ್ಲಿ ಬರಬೇಕು.

ಒಂದು ಎಚ್ಚರಿಕೆ. ಪೋರ್ಟ್ ಸ್ಕ್ಯಾನ್ ಮಾಡುವ (ಮಷೀನ್‌ನ ಯಾವ ಪೋರ್ಟ್, ಅಂದರೆ ಸೇವೆಯ ಬಾಗಿಲು, ತೆರೆದಿದೆ ಎಂದು ಹುಡುಕುವ) ಟೂಲ್‌ಗಳನ್ನು ನಿಮ್ಮ ಸ್ವಂತ ಲ್ಯಾಬ್‌ನಲ್ಲಿ ಮಾತ್ರ ಓಡಿಸಿ. ಆಫೀಸಿನದ್ದಾಗಲಿ, ಕಾಲೇಜಿನದ್ದಾಗಲಿ, ಬರವಣಿಗೆಯಲ್ಲಿ ಅನುಮತಿ ಇಲ್ಲದೆ ಮುಟ್ಟಬೇಡಿ. ಅನುಮತಿಯಿಲ್ಲದೆ ಬೇರೆಯವರ ನೆಟ್‌ವರ್ಕ್‌ಗೆ ಕೈಹಾಕಿದರೆ 2000ದ ಐಟಿ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗಳ ಅಡಿ ಕೇಸ್ ಆಗಬಹುದು.

## ಹಂತ 1: ಒಂದು ಪ್ಯಾಕೆಟ್ ಹೋಗುವ ದಾರಿಯನ್ನು ಕಣ್ಣಾರೆ ನೋಡಿ

ವೈರ್‌ಶಾರ್ಕ್ ಶುರು ಮಾಡಿ, ಬ್ರೌಸರ್‌ನಲ್ಲಿ ಒಂದು ವೆಬ್‌ಸೈಟ್ ತೆರೆಯಿರಿ, ಕ್ಯಾಪ್ಚರ್ ನಿಲ್ಲಿಸಿ. ಸಾವಿರಾರು ಸಾಲು ಬಂದಿರುತ್ತದೆ, ಗಾಬರಿ ಬೇಡ. ನಾಲ್ಕೇ ವಿಷಯ ಹುಡುಕಿ: ಹೆಸರು ಕೇಳುವ ಡಿಎನ್‌ಎಸ್ ಪ್ರಶ್ನೆ, ಗೇಟ್‌ವೇಯ (ಹೊರಗೆ ಹೋಗುವ ಬಾಗಿಲಾದ ರೂಟರ್‌ನ) ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡ್‌ನ ಗುರುತು) ಕೇಳುವ ಎಆರ್‌ಪಿ, ಸಂಪರ್ಕ ಶುರುಮಾಡುವ ಟಿಸಿಪಿಯ ಸಿನ್, ಸಿನ್-ಆಕ್, ಆಕ್ ಎಂಬ ಮೂರು ಸಾಲು, ಆಮೇಲೆ ಎನ್‌ಕ್ರಿಪ್ಷನ್ ಶುರುಮಾಡುವ ಟಿಎಲ್‌ಎಸ್‌ನ ಕ್ಲೈಂಟ್ ಹಲೋ. ಡಿಎನ್‌ಎಸ್ ಕಾಣದಿದ್ದರೆ ಬ್ರೌಸರ್ ಅದನ್ನು ಎನ್‌ಕ್ರಿಪ್ಟ್ ಮಾಡಿ ಕಳಿಸುತ್ತಿರಬಹುದು. ಟರ್ಮಿನಲ್‌ನಲ್ಲಿ ಎನ್‌ಎಸ್‌ಲುಕಪ್ ಓಡಿಸಿದರೆ ಕಾಣುತ್ತದೆ.

ಈಗ ಆ ಸಿನ್ ಸಾಲಿನ ಮೇಲೆ ಕ್ಲಿಕ್ ಮಾಡಿ. ತಲುಪಬೇಕಾದ ಐಪಿ ಎಲ್ಲೋ ದೂರದ ಸರ್ವರ್‌ನದು. ಆದರೆ ತಲುಪಬೇಕಾದ ಮ್ಯಾಕ್ ನಿಮ್ಮ ಮನೆಯ ರೂಟರ್‌ನದು. ಎರಡೂ ಒಂದೇ ಪ್ಯಾಕೆಟ್‌ನಲ್ಲಿ ಇವೆ. ಐಪಿ ಅಂದರೆ ಊರು, ಮ್ಯಾಕ್ ಅಂದರೆ ಮುಂದಿನ ನಿಲ್ದಾಣ. ಪ್ರತಿ ರೂಟರ್ ದಾಟಿದಾಗಲೂ ಮ್ಯಾಕ್ ಬದಲಾಗುತ್ತದೆ, ಎನ್‌ಎಟಿ (ನ್ಯಾಟ್, ದಾರಿಯಲ್ಲಿ ಐಪಿ ಬದಲಿಸುವ ಏರ್ಪಾಡು) ಇಲ್ಲದಿದ್ದರೆ ಐಪಿ ಹಾಗೇ ಇರುತ್ತದೆ. ಇಷ್ಟು ಮನಸ್ಸಿಗೆ ಇಳಿದರೆ ರೂಟಿಂಗ್‌ನ ಅರ್ಧ ಕಷ್ಟ ಮುಗಿಯಿತು.

ಇಲ್ಲೇ ಎರಡು ಸೂಚನೆ ಓದಲು ಕಲಿಯಿರಿ, ಮುಂದೆ ಪ್ರತಿ ದಿನ ಬೇಕಾಗುತ್ತದೆ. ಸಿನ್ ಮತ್ತೆ ಮತ್ತೆ ಹೋಗುತ್ತಿದೆ, ಉತ್ತರವೇ ಇಲ್ಲ ಅಂದರೆ ದಾರಿಯಲ್ಲಿ ಫೈರ್‌ವಾಲ್ ನುಂಗುತ್ತಿದೆ, ಅಥವಾ ಹೋಗುವ ಇಲ್ಲವೇ ವಾಪಸ್ ಬರುವ ರೂಟ್ ಇಲ್ಲ. ತಕ್ಷಣ ಆರ್‌ಎಸ್‌ಟಿ (ಸಂಪರ್ಕ ಬೇಡ ಎನ್ನುವ ಉತ್ತರ) ಬಂತು ಅಂದರೆ ಸಾಮಾನ್ಯವಾಗಿ ಮಷೀನ್‌ವರೆಗೆ ಪ್ಯಾಕೆಟ್ ತಲುಪಿದೆ, ಆ ಪೋರ್ಟ್‌ನಲ್ಲಿ ಕೇಳುವವರು ಯಾರೂ ಇಲ್ಲ. ಮೊದಲನೆಯದಕ್ಕೆ ನೆಟ್‌ವರ್ಕ್ ನೋಡಬೇಕು, ಎರಡನೆಯದಕ್ಕೆ ಸರ್ವರ್ ನೋಡಬೇಕು. ಈ ವ್ಯತ್ಯಾಸ ಗೊತ್ತಿಲ್ಲದೆ ಗಂಟೆಗಟ್ಟಲೆ ತಪ್ಪು ಕಡೆ ಹುಡುಕುವವರು ಬಹಳ ಜನ.

## ಹಂತ 2: ಐಪಿ ಪ್ಲಾನ್ ಅನ್ನು ಕಾಗದದ ಮೇಲೆ ಮಾಡಿ

ಎಲ್ಲರೂ ಹಾರಿಸಿ ಹೋಗುವುದು ಇದನ್ನೇ. ದಯವಿಟ್ಟು ಒಂದು ಪೂರ್ತಿ ವಾರ ಇದಕ್ಕೇ ಕೊಡಿ.

ಮೊದಲು ಲೆಕ್ಕ. 10.20.10.130/26 ಎಂಬ ಅಡ್ರೆಸ್ ಯಾವ ಸಬ್‌ನೆಟ್‌ನಲ್ಲಿದೆ, ಅಂದರೆ ಅಡ್ರೆಸ್‌ಗಳ ಯಾವ ಗುಂಪಿನಲ್ಲಿದೆ? /26 ಅಂದರೆ ಅಡ್ರೆಸ್‌ನ ಮೊದಲ 26 ಬಿಟ್ ನೆಟ್‌ವರ್ಕ್‌ನದು, ಅದನ್ನು ತೋರಿಸುವ ಮಾಸ್ಕ್‌ನ ಕೊನೆಯ ಸಂಖ್ಯೆ 192. 256ರಲ್ಲಿ 192 ಕಳೆದರೆ 64. ಹಾಗಾಗಿ ಬ್ಲಾಕ್‌ಗಳು 0, 64, 128, 192ರಿಂದ ಶುರುವಾಗುತ್ತವೆ. 130 ಇರುವುದು 128ರ ಬ್ಲಾಕ್‌ನಲ್ಲಿ. ಬ್ರಾಡ್‌ಕಾಸ್ಟ್ (ಗುಂಪಿನ ಎಲ್ಲರಿಗೂ ಕಳಿಸುವ ಅಡ್ರೆಸ್) 191, ಬಳಸಲು ಸಿಗುವುದು 129ರಿಂದ 190. ಇಂಥ ಹತ್ತು ಲೆಕ್ಕ ದಿನಾ ಬೆಳಗ್ಗೆ ಕಾಫಿ ಕುಡಿಯುತ್ತಾ ಮಾಡಿ. ಕ್ಯಾಲ್ಕುಲೇಟರ್ ಬೇಡ.

ಆಮೇಲೆ ಹಂಚಿಕೆ. ಖಾಸಗಿ ಬಳಕೆಗೆ ಮೂರು ಗುಂಪು ಇವೆ: 10.0.0.0/8, 172.16.0.0/12, 192.168.0.0/16. ನಮ್ಮ ಉದಾಹರಣೆಗೆ ಬೆಂಗಳೂರಿಗೆ 10.20.0.0/16, ಹುಬ್ಬಳ್ಳಿಗೆ 10.21.0.0/16, ಕ್ಲೌಡ್‌ನ ನಿಜ ಕೆಲಸಕ್ಕೆ 10.40.0.0/16, ಕ್ಲೌಡ್ ಟೆಸ್ಟಿಂಗ್‌ಗೆ 10.41.0.0/16. ಎರಡನೇ ಸಂಖ್ಯೆ ನೋಡಿದರೆ ಯಾವ ಜಾಗ ಅಂತ ಗೊತ್ತಾಗುತ್ತದೆ. ಇಡೀ ಹುಬ್ಬಳ್ಳಿಗೆ ಒಂದೇ ರೂಟ್ ಸಾಕಾಗುತ್ತದೆ. ಮೂರನೇ ಸಂಖ್ಯೆಗೆ ವಿಲ್ಯಾನ್ (ಒಂದೇ ಸ್ವಿಚ್‌ನಲ್ಲಿ ಬೇರೆ ಬೇರೆಯಾಗಿ ಮಾಡಿದ ನೆಟ್‌ವರ್ಕ್) ನಂಬರ್ ಇಡಿ. ವಿಲ್ಯಾನ್ 10 ಸಿಬ್ಬಂದಿಗೆ, ಅಂದರೆ 10.20.10.0/24. ವಿಲ್ಯಾನ್ 30 ಅತಿಥಿಗಳ ವೈ-ಫೈಗೆ, ಅಂದರೆ 10.20.30.0/24. ರಾತ್ರಿ ಎರಡು ಗಂಟೆಗೆ ಲಾಗ್ ಓದುವಾಗ ಈ ಅಭ್ಯಾಸ ಎಷ್ಟು ಕೈಹಿಡಿಯುತ್ತದೆ ಅಂತ ಆಗ ಗೊತ್ತಾಗುತ್ತದೆ.

ಗಾತ್ರಕ್ಕೆ ತಲೆ ಎಣಿಸಬೇಡಿ, ಸಾಧನ ಎಣಿಸಿ. 60 ಜನ, ಒಬ್ಬೊಬ್ಬರಿಗೆ ಲ್ಯಾಪ್‌ಟಾಪ್ ಮತ್ತು ಮೊಬೈಲ್ ಅಂದರೆ 120 ಅಡ್ರೆಸ್. /25ರಲ್ಲಿ 126 ಸಿಗುತ್ತದೆ, ಹಿಡಿಸುತ್ತದೆ. ಆದರೂ /24 ಕೊಡಿ. ಮುಂದಿನ ವರ್ಷ ಹತ್ತು ಜನ ಜಾಸ್ತಿ ಆದರೆ ಎಲ್ಲ ಕಿತ್ತು ಕಟ್ಟುವ ಗೋಳು ಯಾಕೆ?

ದೂರ ಇಡಬೇಕಾದ ಅಡ್ರೆಸ್‌ಗಳೂ ಇವೆ. 192.168.0.0/24 ಮತ್ತು 192.168.1.0/24 ಬೇಡ, ಬಹಳಷ್ಟು ಮನೆ ರೂಟರ್‌ಗಳಲ್ಲಿ ಇವೇ ಇರುತ್ತವೆ. ಮನೆಯಿಂದ ವಿಪಿಎನ್ (ಇಂಟರ್ನೆಟ್ ಮೂಲಕ ಹೋಗುವ ಖಾಸಗಿ ಟನಲ್) ಹಾಕಿದವರಿಗೆ ಆಫೀಸಿನ ಸರ್ವರ್ ಸಿಗುವುದಿಲ್ಲ. 172.17.0.0/16 ಅನ್ನು ಡಾಕರ್ (ಅಪ್ಲಿಕೇಶನ್‌ಗಳನ್ನು ಕಂಟೇನರ್‌ನಲ್ಲಿ ಓಡಿಸುವ ಸಾಫ್ಟ್‌ವೇರ್) ತಾನಾಗಿಯೇ ಹಿಡಿದುಕೊಳ್ಳುತ್ತದೆ. 172.31.0.0/16 ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯೂಎಸ್‌ನ ಡಿಫಾಲ್ಟ್ ವಿಪಿಸಿಯದು (ಕ್ಲೌಡ್ ಒಳಗಿನ ನಮ್ಮ ಖಾಸಗಿ ನೆಟ್‌ವರ್ಕ್). 10.0.0.0/16 ಬಹಳಷ್ಟು ಟ್ಯುಟೋರಿಯಲ್‌ಗಳಲ್ಲಿ ಬರುತ್ತದೆ. ನಾಳೆ ಜೋಡಿಸಬೇಕಾದ ಇನ್ನೊಂದು ಕಂಪನಿಯವರೂ ಅದನ್ನೇ ಹಾಕಿರುವ ಸಾಧ್ಯತೆ ಜಾಸ್ತಿ.

ಒಮ್ಮೆ ನಾನು ಎರಡು ಬ್ರ್ಯಾಂಚ್‌ಗಳನ್ನು ವಿಪಿಎನ್‌ನಲ್ಲಿ ಜೋಡಿಸಲು ಹೋದೆ. ಎರಡೂ ಕಡೆ 192.168.1.0/24. ಇಲ್ಲೊಂದು ಪ್ರಿಂಟರ್ 192.168.1.50ರಲ್ಲಿ, ಅಲ್ಲಿ ಬಿಲ್ಲಿಂಗ್ ಮಷೀನ್ ಕೂಡ 192.168.1.50ರಲ್ಲಿ. ಟನಲ್ ಹಸಿರು ತೋರಿಸುತ್ತಿತ್ತು, ಒಂದು ಬೈಟ್ ಕೂಡ ದಾಟಲಿಲ್ಲ. ಕೊನೆಗೆ ಒಂದು ಕಡೆಯ ಪ್ರತಿ ಮಷೀನ್‌ನ ಅಡ್ರೆಸ್ ಬದಲಿಸಿದೆವು, ಎರಡು ಭಾನುವಾರ ಹೋಯಿತು. ಕಾಗದದ ಮೇಲೆ ಆಗಿದ್ದರೆ ಐದು ನಿಮಿಷದ ಕೆಲಸ.

## ಹಂತ 3: ಸ್ವಿಚ್ ಮತ್ತು ವಿಲ್ಯಾನ್

ಪ್ಯಾಕೆಟ್ ಟ್ರೇಸರ್‌ನಲ್ಲಿ ಎರಡು ಸ್ವಿಚ್, ಒಂದು ರೂಟರ್, ಆರು ಪಿಸಿ ಇಡಿ. ಕ್ರಮ ಹೀಗಿರಲಿ: ವಿಲ್ಯಾನ್ ಸೃಷ್ಟಿಸಿ, ಆ್ಯಕ್ಸೆಸ್ ಪೋರ್ಟ್‌ಗಳಿಗೆ (ಪಿಸಿ ಚುಚ್ಚುವ ಪೋರ್ಟ್) ಹಂಚಿ, ಸ್ವಿಚ್‌ಗಳ ನಡುವೆ ಟ್ರಂಕ್ (ಹಲವು ವಿಲ್ಯಾನ್ ಒಟ್ಟಿಗೆ ಸಾಗಿಸುವ ಲಿಂಕ್) ಹಾಕಿ, ಪ್ರತಿ ವಿಲ್ಯಾನ್‌ಗೆ ಗೇಟ್‌ವೇ ಕೊಡಿ, ಕೊನೆಗೆ ಡಿಎಚ್‌ಸಿಪಿ (ಅಡ್ರೆಸ್ ತಾನಾಗಿ ಹಂಚುವ ಸೇವೆ). ಒಂದೊಂದು ಹೆಜ್ಜೆಗೂ ಪಿಂಗ್ (ಇನ್ನೊಂದು ಮಷೀನ್ ಉತ್ತರಿಸುತ್ತದೆಯಾ ನೋಡುವ ಕಮಾಂಡ್) ಮಾಡಿ ನೋಡಿ. ಎಲ್ಲ ಒಟ್ಟಿಗೆ ಹಾಕಿ ಕೊನೆಗೆ ಟೆಸ್ಟ್ ಮಾಡಿದರೆ ತಪ್ಪು ಎಲ್ಲಿದೆ ಅಂತ ಹುಡುಕಲು ಆಗುವುದಿಲ್ಲ.

ವಿಲ್ಯಾನ್ 1 ಅನ್ನು ಯಾವ ಕೆಲಸಕ್ಕೂ ಬಳಸಬೇಡಿ. ಸ್ವಿಚ್, ಫೈರ್‌ವಾಲ್‌ಗಳ ಮ್ಯಾನೇಜ್‌ಮೆಂಟ್‌ಗೆ ಬೇರೆಯೇ ಒಂದು ವಿಲ್ಯಾನ್ ಇರಲಿ, ನಾನು 99 ಇಡುತ್ತೇನೆ. ಸಿಸಿಟಿವಿ ಕ್ಯಾಮೆರಾ, ಬಯೋಮೆಟ್ರಿಕ್ ಯಂತ್ರ, ಪ್ರಿಂಟರ್ ಇವುಗಳಿಗೂ ಪ್ರತ್ಯೇಕ ವಿಲ್ಯಾನ್. ಇವುಗಳ ಸಾಫ್ಟ್‌ವೇರ್ ಅಪ್‌ಡೇಟ್ ಮಾಡುವವರು ಕಡಿಮೆ, ಒಳಗೆ ನುಗ್ಗುವವರಿಗೆ ಸುಲಭದ ಬಾಗಿಲು.

ಗಮನಿಸಬೇಕಾದ ಸೂಚನೆಗಳು:

ಪಿಸಿಗೆ 169.254ರಿಂದ ಶುರುವಾಗುವ ಅಡ್ರೆಸ್ ಬಂದಿದೆ ಅಂದರೆ ಡಿಎಚ್‌ಸಿಪಿ ತಲುಪಿಲ್ಲ. ಮೊದಲು ಟ್ರಂಕ್‌ನಲ್ಲಿ ಆ ವಿಲ್ಯಾನ್ ಬಿಟ್ಟಿದ್ದೀರಾ ನೋಡಿ. ಡಿಎಚ್‌ಸಿಪಿ ಸರ್ವರ್ ಬೇರೆ ವಿಲ್ಯಾನ್‌ನಲ್ಲಿದ್ದರೆ ಗೇಟ್‌ವೇಯಲ್ಲಿ ಕೋರಿಕೆಯನ್ನು ಆ ಸರ್ವರ್‌ಗೆ ದಾಟಿಸುವ ಹೆಲ್ಪರ್ ಅಡ್ರೆಸ್ ಬೇಕು.

10.20 ಬರಬೇಕಾದ ಕಡೆ 192.168 ಬಂದಿದೆ ಅಂದರೆ ಯಾರೋ ಮನೆಯ ವೈ-ಫೈ ರೂಟರ್ ತಂದು ಗೋಡೆಯ ಪೋರ್ಟ್‌ಗೆ ಚುಚ್ಚಿದ್ದಾರೆ. ಇದಕ್ಕೆ ಮದ್ದು ಡಿಎಚ್‌ಸಿಪಿ ಸ್ನೂಪಿಂಗ್ (ನಂಬದ ಪೋರ್ಟ್‌ನಿಂದ ಬರುವ ಡಿಎಚ್‌ಸಿಪಿ ಉತ್ತರ ತಡೆಯುವ ಸ್ವಿಚ್ ಸೌಲಭ್ಯ).

ಸ್ವಿಚ್‌ನ ಎಲ್ಲ ಲೈಟ್ ಒಟ್ಟಿಗೆ ಬಿಡುವಿಲ್ಲದೆ ಮಿನುಗುತ್ತಿವೆ, ಇಡೀ ಮಹಡಿ ನಿಧಾನ ಆಗಿದೆ ಅಂದರೆ ಲೂಪ್ (ಪ್ಯಾಕೆಟ್‌ಗಳು ಸುತ್ತುತ್ತಲೇ ಇವೆ). ಮೇಜಿನ ಕೆಳಗಿನ ಪುಟ್ಟ ಸ್ವಿಚ್‌ನಲ್ಲಿ ಒಂದೇ ಕೇಬಲ್‌ನ ಎರಡೂ ತುದಿ ಚುಚ್ಚಿರುತ್ತಾರೆ. ಜನರು ಬಳಸುವ ಪೋರ್ಟ್‌ಗಳಲ್ಲೆಲ್ಲ ಬಿಪಿಡಿಯು ಗಾರ್ಡ್ (ಸ್ವಿಚ್‌ಗಳ ಸಂದೇಶ ಕಂಡರೆ ಪೋರ್ಟ್ ಮುಚ್ಚುವ ಸೌಲಭ್ಯ) ಹಾಕಿಡಿ. ಲೂಪ್ ತಡೆಯುವ ಸ್ಪ್ಯಾನಿಂಗ್ ಟ್ರೀ ಅನ್ನು ಯಾವ ಕಾರಣಕ್ಕೂ ಆಫ್ ಮಾಡಬೇಡಿ.

## ಹಂತ 4: ರೂಟಿಂಗ್

ಮೊದಲು ಮೂರು ರೂಟರ್ ಇಟ್ಟು ಸ್ಟ್ಯಾಟಿಕ್ ರೂಟ್ ಕೈಯಾರೆ ಬರೆಯಿರಿ. ಆಮೇಲೆ ಅದನ್ನೇ ಓಎಸ್‌ಪಿಎಫ್‌ನಲ್ಲಿ (ರೂಟರ್‌ಗಳೇ ಒಂದಕ್ಕೊಂದು ದಾರಿ ತಿಳಿಸುವ ವಿಧಾನ) ಮಾಡಿ. ಬಿಜಿಪಿ (ಬೇರೆ ಬೇರೆ ಸಂಸ್ಥೆಗಳ ನೆಟ್‌ವರ್ಕ್ ನಡುವೆ ದಾರಿ ತಿಳಿಸುವ ವಿಧಾನ) ಈಗಲೇ ಬೇಡ, ಕ್ಲೌಡ್ ಜೋಡಿಸುವಾಗ ಕಲಿಯಿರಿ.

ಎಲ್ಲರೂ ಮಾಡುವ ತಪ್ಪು ಒಂದೇ: ಹೋಗುವ ದಾರಿ ಬರೆದು ವಾಪಸ್ ಬರುವ ದಾರಿ ಮರೆಯುವುದು. ಎ ಇಂದ ಬಿಗೆ ರೂಟ್ ಇದೆ, ಬಿ ಇಂದ ಎಗೆ ಇಲ್ಲ. ಪಿಂಗ್ ಸೋತಾಗ ಎ ರೂಟರ್ ಅನ್ನೇ ಹತ್ತು ಸಲ ನೋಡುತ್ತಾರೆ. ಪ್ರತಿ ರೂಟ್ ಬರೆದಾಗಲೂ "ಉತ್ತರ ಹೇಗೆ ಬರುತ್ತದೆ?" ಎಂದು ಕೇಳಿಕೊಳ್ಳಿ.

ಇನ್ನೊಂದು ನಿಯಮ. ಒಂದೇ ಅಡ್ರೆಸ್‌ಗೆ ಎರಡು ರೂಟ್ ಹೊಂದಿದರೆ ಹೆಚ್ಚು ನಿಖರವಾದದ್ದು ಗೆಲ್ಲುತ್ತದೆ. 10.20.0.0/16ಕ್ಕಿಂತ 10.20.10.0/24 ಮೇಲು. ಈ ನಿಯಮ ಕ್ಲೌಡ್‌ನಲ್ಲೂ ಹೀಗೆಯೇ. ಓಎಸ್‌ಪಿಎಫ್ ನೆರೆಹೊರೆ (ಪಕ್ಕದ ರೂಟರ್ ಜೊತೆಗಿನ ಸಂಪರ್ಕ) ಎಕ್ಸ್‌ಸ್ಟಾರ್ಟ್ ಎಂಬ ನಡುವಿನ ಸ್ಥಿತಿಯಲ್ಲೇ ಸಿಕ್ಕಿಹಾಕಿಕೊಂಡಿದ್ದರೆ ಎರಡೂ ಕಡೆಯ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಒಂದೇ ಇದೆಯಾ ನೋಡಿ.

## ಹಂತ 5: ಫೈರ್‌ವಾಲ್

ಫೈರ್‌ವಾಲ್ ತೆರೆಯುವ ಮೊದಲು ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಎಳೆಯಿರಿ: ಯಾರಿಂದ, ಯಾರಿಗೆ, ಯಾವ ಪೋರ್ಟ್, ಯಾಕೆ. "ಯಾಕೆ" ಕಾಲಂ ತುಂಬಲು ಆಗದ ಸಾಲು ರೂಲ್ ಆಗಬಾರದು. ಪಟ್ಟಿಯಲ್ಲಿ ಇಲ್ಲದ್ದೆಲ್ಲ ಬಂದ್.

ಓಪಿಎನ್‌ಸೆನ್ಸ್‌ನಲ್ಲಿ ಸಿಬ್ಬಂದಿ, ಅತಿಥಿ, ಸರ್ವರ್ ಎಂಬ ಮೂರು ವಲಯ ಮಾಡಿ. ಅತಿಥಿಗಳಿಗೆ ಇಂಟರ್ನೆಟ್ ಮಾತ್ರ. ಸಿಬ್ಬಂದಿಯಿಂದ ಸರ್ವರ್‌ಗೆ 443 (ಎಚ್‌ಟಿಟಿಪಿಎಸ್ ಪೋರ್ಟ್) ಮಾತ್ರ. ಹೊರಗೆ ಹೋಗುವುದಕ್ಕೂ ಲಗಾಮು ಹಾಕಿ, ಹೆಚ್ಚಿನವರು ಒಳಬರುವುದನ್ನು ಮಾತ್ರ ಕಾಯುತ್ತಾರೆ. ಸರ್ವರ್ ವಲಯಕ್ಕೆ ಇಡೀ ಇಂಟರ್ನೆಟ್ ಯಾಕೆ ಬೇಕು? ಅಪ್‌ಡೇಟ್ ಸಿಗುವ ಜಾಗ, ನಿಮ್ಮದೇ ಡಿಎನ್‌ಎಸ್, ಸಮಯದ ಸರ್ವರ್ ಸಾಕು. ಕ್ಯಾಮೆರಾಗಳಿಗೆ ಅದೂ ಬೇಡ. ಒಳಗೆ ಏನೋ ಹೊಕ್ಕರೂ ಅದು ಹೊರಗಿನ ತನ್ನ ಯಜಮಾನನನ್ನು ಕೇಳಲು ದಾರಿ ಸಿಗಬಾರದು, ಅಲ್ವಾ?

ರೂಲ್‌ಗಳು ಮೇಲಿಂದ ಕೆಳಗೆ ಓದಿಕೊಂಡು ಹೋಗುತ್ತವೆ, ಮೊದಲು ಹೊಂದಿದ್ದೇ ಕೊನೆ. ಇದನ್ನು ಮರೆತು ನಾನು ಒಮ್ಮೆ ದಾವಣಗೆರೆಯಲ್ಲಿದ್ದ ಒಂದು ಫೈರ್‌ವಾಲ್‌ನಲ್ಲಿ, ನನಗೆ ಒಳಬರಲು ಬಿಟ್ಟಿದ್ದ ರೂಲ್‌ನ ಮೇಲೆ ತಡೆಯುವ ರೂಲ್ ಇಟ್ಟೆ. ಸೇವ್ ಒತ್ತಿದ ಕೂಡಲೇ ಸ್ಕ್ರೀನ್ ನಿಂತುಹೋಯಿತು. ರಾತ್ರಿ ಬಸ್ ಹತ್ತಿ, ಬೆಳಗ್ಗೆ ಆಫೀಸ್ ತೆರೆಯುವವರೆಗೆ ಬಾಗಿಲಲ್ಲಿ ಕಾದು, ಕನ್ಸೋಲ್ ಕೇಬಲ್ ಹಾಕಿ ಸರಿಮಾಡಿದೆ. ಅಂದಿನಿಂದ ದೂರದ ಸಾಧನ ಮುಟ್ಟುವ ಮೊದಲು ತಾನಾಗಿ ಹಿಂದಕ್ಕೆ ಹೋಗುವ ಏರ್ಪಾಡು ಮಾಡದೆ ಕೈಹಾಕುವುದಿಲ್ಲ. ಸಿಸ್ಕೋ ಸಾಧನಗಳ ಐಓಎಸ್‌ನಲ್ಲಿ "ರೀಲೋಡ್ ಇನ್ 10" (10 ನಿಮಿಷಕ್ಕೆ ರೀಸ್ಟಾರ್ಟ್) ಹಾಕಿ ಬದಲಾವಣೆ ಮಾಡಿ, ಎಲ್ಲ ಸರಿ ಇದ್ದರೆ ರೀಲೋಡ್ ರದ್ದುಮಾಡಿ ಸೇವ್ ಮಾಡಿ. ಮೊದಲೇ ಸೇವ್ ಮಾಡಿದರೆ ಉಪಯೋಗವಿಲ್ಲ. ಜ್ಯುನಿಪರ್‌ನಲ್ಲಿ "ಕಮಿಟ್ ಕನ್ಫರ್ಮ್ಡ್" ಇದೆ, ನೀವು ಮತ್ತೆ ಕಮಿಟ್ ಮಾಡದಿದ್ದರೆ 10 ನಿಮಿಷಕ್ಕೆ ಹಳೆಯದಕ್ಕೆ ಮರಳುತ್ತದೆ.

ಎನ್‌ಕ್ರಿಪ್ಷನ್ ಇಲ್ಲದೆ ದೂರದಿಂದ ಲಾಗಿನ್ ಆಗುವ ಟೆಲ್ನೆಟ್ ಬಂದ್. ಎನ್‌ಕ್ರಿಪ್ಟ್ ಮಾಡಿ ಲಾಗಿನ್ ಆಗುವ ಎಸ್‌ಎಸ್‌ಎಚ್ ವಿಲ್ಯಾನ್ 99ರಿಂದ ಮಾತ್ರ. ಹೊರಗಿಂದ ವಿಪಿಎನ್ ಹಾಕುವವರಿಗೆ ಪಾಸ್‌ವರ್ಡ್ ಜೊತೆ ಎರಡನೇ ದೃಢೀಕರಣ ಇರಲೇಬೇಕು. ಇದರಲ್ಲಿ ರಿಯಾಯಿತಿ ಇಲ್ಲ, ಎಂಡಿ ಸಾಹೇಬರೇ ಕೇಳಿದರೂ.

## ಹಂತ 6: ಕ್ಲೌಡ್

ಈಗ ಕನ್ಸೋಲ್ ತೆರೆಯಿರಿ. ನಾನು ಎಡಬ್ಲ್ಯೂಎಸ್‌ನ ಮುಂಬೈ ರೀಜನ್ ಇಟ್ಟುಕೊಂಡು ಹೇಳುತ್ತೇನೆ.

ಮೊದಲ ಹತ್ತು ನಿಮಿಷದ ಕೆಲಸ: ರೂಟ್ (ಮಾಲೀಕನ) ಅಕೌಂಟ್‌ಗೆ ಎರಡನೇ ದೃಢೀಕರಣ, ಬಜೆಟ್ ಅಲರ್ಟ್, ದಿನದ ಬಳಕೆಗೆ ಬೇರೆ ಯೂಸರ್. ನ್ಯಾಟ್ ಗೇಟ್‌ವೇ (ಒಳಗಿನ ಮಷೀನ್‌ಗಳಿಗೆ ಇಂಟರ್ನೆಟ್ ಕೊಡುವ ಸೇವೆ) ಬಳಸಲಿ ಬಿಡಲಿ, ಗಂಟೆಗಿಷ್ಟು ಅಂತ ಬಿಲ್ ಓಡುತ್ತದೆ. ಪಬ್ಲಿಕ್ ಐಪಿವಿ4 ಅಡ್ರೆಸ್‌ಗೂ 2024ರ ಫೆಬ್ರವರಿಯಿಂದ ಗಂಟೆಗೆ 0.005 ಡಾಲರ್ ಇದೆ. ಅಭ್ಯಾಸ ಮುಗಿದ ದಿನವೇ ಅಳಿಸಿ.

ವಿಪಿಸಿಗೆ 10.40.0.0/16 ಕೊಡಿ. ಎರಡು ಅವೈಲಬಿಲಿಟಿ ಝೋನ್ (ಒಂದೇ ರೀಜನ್‌ನ ಬೇರೆ ಬೇರೆ ಡೇಟಾ ಸೆಂಟರ್‌ಗಳು), ಒಂದೊಂದರಲ್ಲೂ ಮೂರು ಸಬ್‌ನೆಟ್: ಬರುವ ಕೋರಿಕೆಗಳನ್ನು ಹಂಚುವ ಲೋಡ್ ಬ್ಯಾಲೆನ್ಸರ್‌ಗೆ, ಅಪ್ಲಿಕೇಶನ್‌ಗೆ, ಡೇಟಾಬೇಸ್‌ಗೆ. ಒಟ್ಟು ಆರು. ಪ್ರತಿ ಸಬ್‌ನೆಟ್‌ನಲ್ಲಿ ಐದು ಅಡ್ರೆಸ್ ಎಡಬ್ಲ್ಯೂಎಸ್ ತಾನೇ ಇಟ್ಟುಕೊಳ್ಳುತ್ತದೆ. ಹಾಗಾಗಿ /24ರಲ್ಲಿ ಸಿಗುವುದು 251.

ಇಲ್ಲಿ ಜನ ಮುಗ್ಗರಿಸುವ ಜಾಗ: "ಪಬ್ಲಿಕ್ ಸಬ್‌ನೆಟ್" ಅನ್ನುವುದು ಹೆಸರಿಟ್ಟರೆ ಆಗುವುದಲ್ಲ. ಅದರ ರೂಟ್ ಟೇಬಲ್‌ನಲ್ಲಿ 0.0.0.0/0 (ಅಂದರೆ ಎಲ್ಲ ಅಡ್ರೆಸ್) ಇಂಟರ್ನೆಟ್ ಗೇಟ್‌ವೇ ಕಡೆ ತೋರಿಸುತ್ತಿದ್ದರೆ ಅದು ಪಬ್ಲಿಕ್. "ಪ್ರೈವೇಟ್" ಅಂತ ಹೆಸರಿಟ್ಟು, ಇಂಟರ್ನೆಟ್ ಗೇಟ್‌ವೇ ಕಡೆ ತೋರಿಸುವ ಮುಖ್ಯ ರೂಟ್ ಟೇಬಲ್‌ಗೇ ಅಂಟಿಸಿ ಬಿಟ್ಟಿರುವ ಡೇಟಾಬೇಸ್ ಸಬ್‌ನೆಟ್‌ಗಳನ್ನು ನಾನು ಕಂಡಿದ್ದೇನೆ. ಹೆಸರು ಓದಬೇಡಿ, ಟೇಬಲ್ ಓದಿ.

ಸೆಕ್ಯೂರಿಟಿ ಗ್ರೂಪ್ (ಮಷೀನ್‌ಗೆ ಹಾಕುವ ಫೈರ್‌ವಾಲ್) ಮತ್ತು ನೆಟ್‌ವರ್ಕ್ ಎಸಿಎಲ್ (ಸಬ್‌ನೆಟ್‌ಗೆ ಹಾಕುವ ಫೈರ್‌ವಾಲ್) ನಡುವಿನ ಗೊಂದಲವೂ ಸಾಮಾನ್ಯ. ಸೆಕ್ಯೂರಿಟಿ ಗ್ರೂಪ್ ಹೋದದ್ದನ್ನು ನೆನಪಿಟ್ಟುಕೊಂಡು ಉತ್ತರವನ್ನು ತಾನೇ ಒಳಗೆ ಬಿಡುತ್ತದೆ, ಅದರಲ್ಲಿ "ಬಿಡು" ಮಾತ್ರ ಬರೆಯಬಹುದು. ಎಸಿಎಲ್‌ಗೆ ನೆನಪಿಲ್ಲ. 443 ಒಳಗೆ ಬಿಟ್ಟು ಉತ್ತರ ಹೋಗುವ 1024ರಿಂದ 65535ರವರೆಗಿನ ಪೋರ್ಟ್‌ಗಳನ್ನು ಹೊರಗೆ ಬಿಡದಿದ್ದರೆ ಉತ್ತರ ಬಾಗಿಲಲ್ಲೇ ಸಾಯುತ್ತದೆ. ಶುರುವಿನಲ್ಲಿ ಎಸಿಎಲ್ ಮುಟ್ಟಬೇಡಿ, ಸೆಕ್ಯೂರಿಟಿ ಗ್ರೂಪ್ ಚೆನ್ನಾಗಿ ಕಲಿಯಿರಿ. ಡೇಟಾಬೇಸ್‌ನ ಗ್ರೂಪ್‌ನಲ್ಲಿ ಐಪಿ ಬರೆಯುವ ಬದಲು ಅಪ್ಲಿಕೇಶನ್‌ನ ಗ್ರೂಪ್ ಹೆಸರನ್ನೇ ಕೊಡಿ. ಮಷೀನ್ ಬದಲಾದರೂ ರೂಲ್ ಬದಲಿಸಬೇಕಿಲ್ಲ.

22 (ಎಸ್‌ಎಸ್‌ಎಚ್) ಅಥವಾ 3389 (ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್) ಪೋರ್ಟ್ ಅನ್ನು 0.0.0.0/0ಗೆ ತೆರೆದಿಡಬೇಡಿ, "ಐದೇ ನಿಮಿಷ" ಅಂತಲೂ ಬೇಡ. ಲಾಗಿನ್ ಪ್ರಯತ್ನಗಳು ಸಾಲುಗಟ್ಟಿ ಬರತೊಡಗುತ್ತವೆ. ಬೇಕಿದ್ದರೆ ಒಂದು ಲ್ಯಾಬ್ ಮಷೀನ್‌ನ ಲಾಗ್ ತೆರೆದು ನೋಡಿ. ಎಡಬ್ಲ್ಯೂಎಸ್‌ನ ಸೆಷನ್ ಮ್ಯಾನೇಜರ್ ಮೂಲಕ ಲಾಗಿನ್ ಆದರೆ ಒಳಬರುವ ಪೋರ್ಟ್ ತೆರೆಯುವ ಅಗತ್ಯವೇ ಇಲ್ಲ.

ಮೈಕ್ರೋಸಾಫ್ಟ್‌ನ ಆಝೂರ್‌ನಲ್ಲಿ ವಿಪಿಸಿಗೆ ವಿನೆಟ್, ಸೆಕ್ಯೂರಿಟಿ ಗ್ರೂಪ್‌ಗೆ ಎನ್‌ಎಸ್‌ಜಿ ಅನ್ನುತ್ತಾರೆ, ಎನ್‌ಎಸ್‌ಜಿಯಲ್ಲಿ ತಡೆಯುವ ರೂಲ್ ಕೂಡ ಬರೆಯಬಹುದು. ಗೂಗಲ್ ಕ್ಲೌಡ್‌ನಲ್ಲಿ ವಿಪಿಸಿ ಜಗತ್ತಿಗೆಲ್ಲ ಒಂದೇ, ಸಬ್‌ನೆಟ್ ಮಾತ್ರ ಒಂದೊಂದು ರೀಜನ್‌ಗೆ. ಒಂದನ್ನು ಸರಿಯಾಗಿ ಕಲಿತರೆ ಉಳಿದವು ವಾರದ ಕೆಲಸ. ಕೈಯಿಂದ ಎರಡು ಸಲ ಕಟ್ಟಿದ ಮೇಲೆ ಟೆರಾಫಾರ್ಮ್‌ನಲ್ಲಿ (ಕ್ಲೌಡ್ ಕಟ್ಟುವುದನ್ನು ಕೋಡ್ ಆಗಿ ಬರೆಯುವ ಟೂಲ್) ಬರೆಯಿರಿ.

## ಹಂತ 7: ಆಫೀಸು ಮತ್ತು ಕ್ಲೌಡ್ ಜೋಡಣೆ

ಮನೆಯಲ್ಲಿ ಅಭ್ಯಾಸ ಮಾಡುವವರು ಮೊದಲು ಒಂದು ವಿಷಯ ನೋಡಿಕೊಳ್ಳಿ. ರೂಟರ್‌ನ ವ್ಯಾನ್ (ಇಂಟರ್ನೆಟ್ ಕಡೆಯ) ಅಡ್ರೆಸ್ 100.64ರಿಂದ 100.127ರ ನಡುವೆ ಇದ್ದರೆ ನಿಮ್ಮ ಇಂಟರ್ನೆಟ್ ಕಂಪನಿ ಹಲವು ಮನೆಗಳಿಗೆ ಒಂದೇ ಪಬ್ಲಿಕ್ ಐಪಿ ಹಂಚಿದೆ. ಹೊರಗಿಂದ ನಿಮ್ಮನ್ನು ಯಾರೂ ಮುಟ್ಟಲಾರರು. ಪೋರ್ಟ್ ಫಾರ್ವರ್ಡಿಂಗ್ ಮಾಡಿ ಸುಸ್ತಾಗಬೇಡಿ. ಮನೆಯೇ ಮೊದಲು ಕರೆ ಮಾಡಬೇಕು.

ವೈರ್‌ಗಾರ್ಡ್ ಎಂಬ ವಿಪಿಎನ್ ಸಾಫ್ಟ್‌ವೇರ್‌ನಲ್ಲಿ ಮಾಡುವ ಕ್ರಮ:

1. ಕ್ಲೌಡ್‌ನಲ್ಲಿ ಒಂದು ಸಣ್ಣ ಲಿನಕ್ಸ್ ಮಷೀನ್, ಪಬ್ಲಿಕ್ ಐಪಿ ಜೊತೆ. ಸೆಕ್ಯೂರಿಟಿ ಗ್ರೂಪ್‌ನಲ್ಲಿ ಯುಡಿಪಿ 51820 ತೆರೆಯಿರಿ. ವಿಪಿಸಿಯ ಒಳಗಿಂದ ಮನೆಯ ಕಡೆ ಹೋಗುವುದನ್ನೂ ಈ ಗ್ರೂಪ್‌ನಲ್ಲಿ ಬಿಡಬೇಕು.
2. ಆ ಮಷೀನ್‌ನಲ್ಲಿ ಐಪಿ ಫಾರ್ವರ್ಡಿಂಗ್ (ಬೇರೆಯವರ ಪ್ಯಾಕೆಟ್ ದಾಟಿಸುವುದು) ಆನ್ ಮಾಡಿ.
3. ಎಡಬ್ಲ್ಯೂಎಸ್‌ನಲ್ಲಿ ಅದರ ಸೋರ್ಸ್-ಡೆಸ್ಟಿನೇಶನ್ ಚೆಕ್ (ತನ್ನದಲ್ಲದ ಪ್ಯಾಕೆಟ್ ತಡೆಯುವ ತಪಾಸಣೆ) ಆಫ್ ಮಾಡಿ. ಹೆಚ್ಚಿನವರು ಮರೆಯುವುದು ಇದನ್ನೇ.
4. ಮನೆಯ ಕಡೆ ಕೀಪ್-ಅಲೈವ್ (ಟನಲ್ ತೆರೆದೇ ಇಡುವ ಪ್ಯಾಕೆಟ್) 25 ಸೆಕೆಂಡ್ ಇಡಿ.
5. ವಿಪಿಸಿಯ ರೂಟ್ ಟೇಬಲ್‌ನಲ್ಲಿ ಮನೆಯ ಸಬ್‌ನೆಟ್ ಈ ಮಷೀನ್ ಕಡೆ ಅಂತ ಬರೆಯಿರಿ. ವಾಪಸ್ ಬರುವ ದಾರಿ ನೆನಪಿದೆಯಲ್ಲ?

ಪಿಂಗ್ ಆಗುತ್ತದೆ, ಆದರೆ ವೆಬ್ ಪುಟ ಅರ್ಧಕ್ಕೆ ನಿಲ್ಲುತ್ತದೆ, ದೊಡ್ಡ ಫೈಲ್ ಹೋಗುವುದಿಲ್ಲ. ಇಂಥದ್ದು ಕಂಡರೆ ಎಂಟಿಯು ಅನುಮಾನಿಸಿ. ಪ್ಯಾಕೆಟ್ ಒಡೆಯಬಾರದು ಎಂಬ ಆಯ್ಕೆ ಹಾಕಿ 1472 ಬೈಟ್ ಪಿಂಗ್ ಮಾಡಿ. 28 ಬೈಟ್ ಹೆಡರ್ ಸೇರಿ 1500 ಆಗುತ್ತದೆ. ವೈರ್‌ಗಾರ್ಡ್‌ನ ಸಾಮಾನ್ಯ ಎಂಟಿಯು 1420. ಹಾಗಾಗಿ 1472 ಸೋತು 1392 ಗೆದ್ದರೆ ಟನಲ್ ಸರಿಯಾಗಿಯೇ ಇದೆ, ದೊಡ್ಡ ಪ್ಯಾಕೆಟ್‌ಗಳು ಮಾತ್ರ ಸಾಯುತ್ತಿವೆ. ಎಂಎಸ್ಎಸ್ (ಒಂದು ಟಿಸಿಪಿ ಪ್ಯಾಕೆಟ್ ಹೊರುವ ಗರಿಷ್ಠ ಡೇಟಾ) ಅನ್ನು 1380ಕ್ಕೆ ಇಳಿಸಿ.

ನಿಜವಾದ ಆಫೀಸಿಗೆ ಎರಡು ಜಾಗಗಳನ್ನೇ ಜೋಡಿಸುವ ಐಪಿಸೆಕ್ ಸೈಟ್-ಟು-ಸೈಟ್ ವಿಪಿಎನ್ ಬರುತ್ತದೆ. ಯುಡಿಪಿ 500, 4500 ಮತ್ತು ಇಎಸ್‌ಪಿ (ಎನ್‌ಕ್ರಿಪ್ಟ್ ಆದ ಡೇಟಾ ಹೊರುವ ಪ್ರೋಟೋಕಾಲ್) ಬೇಕು. ಎಡಬ್ಲ್ಯೂಎಸ್ ಎರಡು ಟನಲ್ ಕೊಡುತ್ತದೆ, ಎರಡನ್ನೂ ಕಟ್ಟಿ. ಒಂದೇ ಕಟ್ಟಿ ಬಿಟ್ಟವರಿಗೆ ಎಡಬ್ಲ್ಯೂಎಸ್‌ನ ನಿರ್ವಹಣೆಯ ದಿನ ಲಿಂಕ್ ಹೋಗುತ್ತದೆ. ಬಿಜಿಪಿ ಕಲಿಯಲು ಇದೇ ಸರಿಯಾದ ಸಮಯ. ಇನ್ನೊಂದು ವಿಷಯ, ವಿಪಿಸಿ ಪೀರಿಂಗ್ (ಎರಡು ವಿಪಿಸಿಗಳ ನೇರ ಜೋಡಣೆ) ಮುಂದಕ್ಕೆ ದಾಟಿಸುವುದಿಲ್ಲ. ಎ-ಬಿ, ಬಿ-ಸಿ ಜೋಡಿಸಿದರೆ ಎ-ಸಿ ಮಾತಾಡಲಾರವು.

## ಹಂತ 8: ಲಾಗ್ ಮತ್ತು ಗಡಿಯಾರ

ಎಲ್ಲ ಸಾಧನಗಳ ಸಮಯ ಎನ್‌ಟಿಪಿಯಿಂದ (ನೆಟ್‌ವರ್ಕ್ ಮೂಲಕ ಗಡಿಯಾರ ಹೊಂದಿಸುವ ವಿಧಾನ) ಒಂದೇ ಆಗಿರಲಿ. ಕ್ಲೌಡ್ ಲಾಗ್ ಯುಟಿಸಿಯಲ್ಲಿ, ಆಫೀಸಿನ ಫೈರ್‌ವಾಲ್ ಭಾರತೀಯ ಸಮಯದಲ್ಲಿ ಇದ್ದರೆ ಐದೂವರೆ ಗಂಟೆಯ ಅಂತರದಲ್ಲಿ ಘಟನೆಗಳ ಸರಣಿಯೇ ಕಲಸಿಹೋಗುತ್ತದೆ.

ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಅದು ಪಟ್ಟಿ ಮಾಡಿರುವ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಡಬೇಕು. ಹಾಗಾಗಿ ಲಾಗ್‌ನ ಜಾಗ, ಖರ್ಚು ಎರಡೂ ಡಿಸೈನ್‌ನಲ್ಲೇ ಬರಬೇಕು. ವಿಪಿಸಿ ಫ್ಲೋ ಲಾಗ್ (ಯಾರಿಂದ ಯಾರಿಗೆ ಸಂಪರ್ಕ ಹೋಯಿತು ಎಂಬ ದಾಖಲೆ) ಆನ್ ಮಾಡಿ "ರಿಜೆಕ್ಟ್" ಸಾಲುಗಳನ್ನು ವಾರಕ್ಕೊಮ್ಮೆ ಓದಿ. ಹೊರಗಿನಿಂದ ಬಂದ ರಿಜೆಕ್ಟ್ ಮಾಮೂಲು. ನಿಮ್ಮದೇ ಅಪ್ಲಿಕೇಶನ್ ಮಷೀನ್‌ನಿಂದ ಪಕ್ಕದ ಮಷೀನ್‌ಗಳ 22, 445ಕ್ಕೆ (445 ವಿಂಡೋಸ್ ಫೈಲ್ ಹಂಚಿಕೆಯ ಪೋರ್ಟ್) ಸಾಲಾಗಿ ರಿಜೆಕ್ಟ್ ಬರುತ್ತಿದ್ದರೆ ಊಟ ಬಿಟ್ಟು ಏಳಿ. ಯಾರೋ ಒಳಗಿದ್ದಾರೆ.

## ಹಂತ 9: ನೀವೇ ಕೆಡಿಸಿ, ನೀವೇ ಸರಿಮಾಡಿ

ಗೆಳೆಯರೊಬ್ಬರನ್ನು ಕೂರಿಸಿಕೊಂಡು, ನೀವು ನೋಡದಿರುವಾಗ ಒಂದೇ ಒಂದು ಬದಲಾವಣೆ ಮಾಡಲು ಹೇಳಿ. ಟ್ರಂಕ್‌ನಿಂದ ಒಂದು ವಿಲ್ಯಾನ್ ತೆಗೆಯಲಿ, ಒಂದು ವಾಪಸ್ ರೂಟ್ ಅಳಿಸಲಿ, ಒಂದು ಟನಲ್ ಕೆಡವಲಿ, ಡಿಎನ್‌ಎಸ್ ಅಡ್ರೆಸ್ ತಪ್ಪಿಸಲಿ. ನೀವು ಕೆಳಗಿಂದ ಮೇಲಕ್ಕೆ ಹುಡುಕಿ: ಕೇಬಲ್ ಮತ್ತು ಲೈಟ್, ಮ್ಯಾಕ್ ಟೇಬಲ್, ಎಆರ್‌ಪಿ, ರೂಟ್, ಫೈರ್‌ವಾಲ್ ಲಾಗ್, ಡಿಎನ್‌ಎಸ್, ಕೊನೆಗೆ ಅಪ್ಲಿಕೇಶನ್. ಕಂಡ ಲಕ್ಷಣ, ನಿಮ್ಮ ಮೊದಲ ಊಹೆ, ನಿಜವಾದ ಕಾರಣ, ಹಿಡಿದ ಸಮಯ ಇಷ್ಟನ್ನು ನೋಟ್‌ಬುಕ್‌ನಲ್ಲಿ ಬರೆಯಿರಿ.

ಇಪ್ಪತ್ತು ಸಲ ಆದ ಮೇಲೆ ಊಹೆಯ ಕಾಲಂ ಓದಿ. ಯಾವ ತಪ್ಪು ಊಹೆ ಮತ್ತೆ ಮತ್ತೆ ಬಂದಿದೆಯೋ ಆ ಹಂತಕ್ಕೆ ವಾಪಸ್ ಹೋಗಿ, ಆ ಲ್ಯಾಬ್ ಮತ್ತೊಮ್ಮೆ ಕಟ್ಟಿ. ಆಮೇಲೆ ಹೊಸ ಹಾಳೆ ತೆಗೆದು ಬೆಂಗಳೂರು, ಹುಬ್ಬಳ್ಳಿ, ಕ್ಲೌಡ್ ಮೂರನ್ನೂ ಬರೆಯಲು ಕೂರಿ.